ಮೂಗೂರಿನಲ್ಲಿ ಉಳಿದುಹೋದ ನಿದ್ದೆ

ಬಾಣಂತನ ಮುಗಿಸಿಕೊಂಡು ಬಿಂದುಶ್ರೀ ಮೂಗೂರಿನ ತವರಿನಿಂದ ನಂಜನಗೂಡಿನ ಗಂಡನ ಮನೆಗೆ ಬಂದಾಗ ಅವಳ ಜೊತೆ ಬಂದ ಸಾಮಾನಿನ ಪಟ್ಟಿ ಸಣ್ಣದಲ್ಲ. ಎರಡು ಟ್ರಂಕು, ಒಂದು ಡಬ್ಬ ಹರಳೆಣ್ಣೆ, ಸಾಂಬ್ರಾಣಿ, ಬಜೆ, ಮೂರು ಪಡಿ ರಾಗಿ ಸರಿಹಿಟ್ಟು (ಮಗು ತಿನ್ನುವುದು ಮುಂದಿನ ತಿಂಗಳಿಂದ, ಅಜ್ಜಿಗೆ ತಾಳ್ಮೆ ಇಲ್ಲ), ಮತ್ತು ಐದು ತಿಂಗಳ ಮಗಳು ಪ್ರಜ್ಞಾ. ಎಲ್ಲವೂ ಸುರಕ್ಷಿತವಾಗಿ ಬಂದು ತಲುಪಿದವು. ಮಗುವಿನ ನಿದ್ದೆಯೊಂದು ಮಾತ್ರ ಮೂಗೂರಿನಲ್ಲೇ ಉಳಿದುಹೋಯಿತು.

ಅಲ್ಲಿ ಮಧ್ಯಾಹ್ನ ಜೋಲಿಗೆ ಹಾಕಿದರೆ ಮೂರು ಗಂಟೆ ಅಲ್ಲಾಡದೆ ಮಲಗುತ್ತಿದ್ದ ಕೂಸು ಇಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿದರೆ ಹೆಚ್ಚು. ಹಗಲಿಗೂ ಅದೇ ಕಥೆ, ರಾತ್ರಿಗೂ ಅದೇ ಕಥೆ. ಹೆಸರು ಪ್ರಜ್ಞಾ ಎಂದು ಇಟ್ಟವರು ಅಪ್ಪ ಅಮ್ಮನೇ. ಮಗು ಹೆಸರಿಗೆ ಕಳಂಕ ತರಬಾರದೆಂದು ಒಂದು ಕ್ಷಣವೂ ಪ್ರಜ್ಞೆ ತಪ್ಪದೆ ಎಚ್ಚರವಾಗಿತ್ತು.

ಮಗುವಿನ ಅಪ್ಪ ನಾಗೇಂದ್ರ ಐದು ತಿಂಗಳು ಒಬ್ಬನೇ ಉಪ್ಪಿಟ್ಟು ಕೆದಕಿಕೊಂಡು ತಿಂದವನು. ಭಾನುವಾರಕ್ಕೊಮ್ಮೆ ಮೂಗೂರಿಗೆ ಹೋಗಿ, ಸ್ವಂತ ಮಗಳ ಮುಖವನ್ನು ನೆಂಟನ ಹಾಗೆ ನೋಡಿ, ಕಾಫಿ ಕುಡಿದು ನಾಲ್ಕು ಗಂಟೆಯ ಬಸ್ಸಿಗೆ ವಾಪಸು ಬಂದವನು. ಈಗ ಮಗಳು ಮನೆಯಲ್ಲೇ ಇದ್ದಾಳೆ, ಅವನ ಒಂದು ಬೆರಳನ್ನು ಇಡೀ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾಳೆ. ಸ್ವರ್ಗಕ್ಕೆ ಮೂರೇ ಗೇಣು ಅನ್ನುತ್ತಾರಲ್ಲ, ಅವನು ಅಳೆದು ನೋಡಿದರೆ ಎರಡೇ ಇತ್ತು. ಅಂಥ ಸುಖಕ್ಕೆ ಈ ನಿದ್ದೆಯ ತಕರಾರು ಅಡ್ಡ ಬಂದಿತ್ತು.

ಅವನಿಗಿದ್ದ ಇನ್ನೊಂದು ದುಃಖ ಅಂದರೆ, ಬಂದ ದಿನವೇ ಹೆಂಡತಿ ಅವನ ಮಂಚವನ್ನು ಹಿಂದಿನ ಸ್ಟೋರ್ ರೂಮಿಗೆ ಗಡೀಪಾರು ಮಾಡಿದ್ದು.

"ನಿಮ್ಮ ಗೊರಕೆಗೆ ಮಗು ಬೆಚ್ಚಿಬೀಳುತ್ತೆ ಕಣ್ರೀ."

"ಗೊರಕೆನಾ? ನಾನಾ?"

ಮದುವೆಯಾದ ಮೂರು ವರ್ಷದಿಂದ ನಾಗೇಂದ್ರ ಈ ಆರೋಪವನ್ನು ಒಪ್ಪಿದವನಲ್ಲ. (ಒಮ್ಮೆ ಬಿಂದುಶ್ರೀ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸಾಕ್ಷಿ ಸಮೇತ ಕೇಳಿಸಿದಾಗಲೂ, "ಇದು ಟಿಲ್ಲರ್ ಕಣೇ, ಯಾರೋ ಗದ್ದೆ ಉಳ್ತಿದ್ದಾರೆ" ಎಂದು ಸಾಧಿಸಿಬಿಟ್ಟಿದ್ದ. ಅವರ ಬೀದಿಯ ಸುತ್ತ ಒಂದು ಮೈಲಿ ಗದ್ದೆಯೇ ಇಲ್ಲ. ಅವಳು ಆ ರೆಕಾರ್ಡಿಗೆ 'ಟಿಲ್ಲರ್' ಎಂದೇ ಹೆಸರು ಕೊಟ್ಟು ಜೋಪಾನವಾಗಿ ಇಟ್ಟುಕೊಂಡಿದ್ದಳು.) ಆದರೂ ಮಗಳ ಹಿತಕ್ಕಾಗಿ ಅವನು ತುಟಿ ಬಿಗಿದುಕೊಂಡು ಸ್ಟೋರ್ ರೂಮಿಗೆ ಹೋದ.

ಗುರುವಾರದ ಹೊತ್ತಿಗೆ ಬಿಂದುಶ್ರೀಯ ಕಣ್ಣಿನ ಕೆಳಗೆ ಕಾಡಿಗೆ ಹಚ್ಚದೆಯೇ ಕಪ್ಪು ಬಂದಿತ್ತು. ಅವಳು ಬಿಳಿಗೆರೆಯ ಪ್ರಾಥಮಿಕ ಶಾಲೆಯ ಟೀಚರು. ರಜೆ ಮುಗಿಯಲು ಇನ್ನೊಂದೇ ತಿಂಗಳಿತ್ತು. ಟೀಚರ ಗತ್ತಿನಲ್ಲೇ ತೀರ್ಪು ಕೊಟ್ಟಳು.

"ಭಾನುವಾರದೊಳಗೆ ಮಗು ನೆಟ್ಟಗೆ ಮಲಗಲಿಲ್ಲ ಅಂದ್ರೆ ನಾನು ಮೂಗೂರಿಗೆ ಹೊರಟೆ. ರಜ ಮುಗಿದು ನಾನು ಸ್ಕೂಲಿಗೆ ಬಂದ್ರೂ ಮಗು ಅವ್ವನ ಹತ್ರಾನೇ ಇರಲಿ. ಒಂದು ವರ್ಷ ಆಗಲಿ, ನೋಡೋಣ."

"ಒಂದು ವರ್ಷನಾ!" ಎಂದ ನಾಗೇಂದ್ರನ ಕಣ್ಣ ಮುಂದೆ ಉಪ್ಪಿಟ್ಟಿನ ಮುನ್ನೂರ ಅರವತ್ತೈದು ತಟ್ಟೆಗಳು ಸಾಲಾಗಿ ಹಾದುಹೋದವು. ಅವುಗಳಿಗಿಂತ ಹೆಚ್ಚಾಗಿ, ಆ ಪುಟ್ಟ ಮುಷ್ಟಿಯಿಂದ ಬೆರಳು ಬಿಡಿಸಿಕೊಳ್ಳಬೇಕಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂತು. "ಭಾನುವಾರದೊಳಗೆ ಮಲಗಿಸ್ತೀನಿ. ಇದು ನನ್ನ ಜವಾಬ್ದಾರಿ" ಎಂದುಬಿಟ್ಟ.

ಜವಾಬ್ದಾರಿ ಹೊತ್ತವನು ಮೊದಲು ಹಾಡಿದ. ಮಗು ಗಮನವಿಟ್ಟು ಕೇಳಿತು, ಎದುರುಮನೆಯ ನಾಯಿ ಎದ್ದುಹೋಯಿತು. ಆಮೇಲೆ, ಇಡೀ ತಾಲ್ಲೂಕು ಕಚೇರಿಯನ್ನೇ ತೂಕಡಿಸುವಂತೆ ಮಾಡಿದ್ದ ಒಂದು ಸುತ್ತೋಲೆಯನ್ನು ತಂದು ಏಕತಾನದಲ್ಲಿ ಓದಿದ. ಮೂರನೆಯ ಪುಟಕ್ಕೆ ಅವನಿಗೇ ಆಕಳಿಕೆ ಬಂತು, ಮಗುವಿಗೆ ನಗು ಬಂತು.

ನಾಗೇಂದ್ರನ ಉದ್ಯೋಗ ಏನೆಂದು ಹೇಳುವುದನ್ನೇ ಮರೆತೆ. ಅವನು ಜಮೀನು ಅಳೆಯುವ ಸರ್ವೆಯರ್. ಅಣ್ಣ ತಮ್ಮಂದಿರು ಮಚ್ಚು ಹಿಡಿದು ನಿಂತ ಜಾಗದಲ್ಲೂ ಟೇಪು ಬಿಚ್ಚಿ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆದು, ಗಡಿ ಹದ್ದುಬಸ್ತು ಮಾಡಿ ಬಂದವನು. ಜಗತ್ತಿನ ಯಾವ ತಕರಾರೂ ಅಳತೆಗೆ ಬಗ್ಗದೆ ಇರುವುದಿಲ್ಲ ಎಂದು ಅವನ ನಂಬಿಕೆ. ಮಗು ಮೂಗೂರಿನಲ್ಲಿ ಮಲಗುತ್ತಿತ್ತು, ನಂಜನಗೂಡಿನಲ್ಲಿ ಮಲಗುತ್ತಿಲ್ಲ. ಅಂದಮೇಲೆ ಎರಡು ಜಾಗಗಳ ನಡುವೆ ಏನೋ ವ್ಯತ್ಯಾಸ ಇರಲೇಬೇಕು. ಹೋಗಿ ಸ್ಥಳ ಮಹಜರು ಮಾಡಿದರೆ ಆಯಿತು!

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಬೈಕಿನಲ್ಲಿ ತಿ. ನರಸೀಪುರ ದಾಟಿ, ಊಟದ ಹೊತ್ತಿಗೆ ಮೂಗೂರಿನ ಮಾವನ ಮನೆ ಮುಟ್ಟಿದ.

ಮಾವ ಮಾರಯ್ಯನವರು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿ ನಿವೃತ್ತರಾದವರು. ಮೂವತ್ತೈದು ವರ್ಷ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆದ ಕೈ, ಹಾಗಾಗಿ ನಡತೆಯೂ ಗಂಟೆ ಹೊಡೆದಂತೆ. ಅಳಿಯನ ಬೈಕಿನ ಸದ್ದು ಕೇಳುತ್ತಲೇ ಹೆಗಲಿಗೆ ಟವೆಲ್ ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಊಟವಾಯಿತು. ಅಳಿಯ ಟೇಪು ತೆಗೆದ. ಮಾವ ಕೂತೇ ಇದ್ದರು.

"ನೀವು ಬೇಕಾದ್ರೆ ಸ್ವಲ್ಪ ಮಲಗಿ ಮಾವ."

"ಅಯ್, ಬುಡಿ ಬುಡಿ. ಅಳಿಯ ಮನ್ಗ್ ಬಂದಿರ್ವಾಗ ಮಾವ ಕಾಲ್ ನೀಡ್ಕಂಡ್ ಬಿದ್ಕಂಡ್ರೆ ನೋಡ್ದೋರು ಏನಂದಾರು?"

ನಾಗೇಂದ್ರ ನಡುಮನೆಯ ಜೋಲಿಯನ್ನು ಅಳೆದ. ನೆಲದಿಂದ ಎರಡಡಿ ನಾಲ್ಕಂಗುಲ. ಕಟ್ಟಿದ್ದು ಅತ್ತೆಯ ಹಳೆಯ ಹಸಿರು ನೂಲಿನ ಸೀರೆ. ಹಾಳೆಯ ಮೇಲೆ ನಕ್ಷೆ ಬರೆದು ಚೆಕ್ಕುಬಂದಿ ನಮೂದಿಸಿದ: 'ಪೂರ್ವಕ್ಕೆ ಗೋಡೆ. ಪಶ್ಚಿಮಕ್ಕೆ ಅಡುಗೆಮನೆ ಬಾಗಿಲು. ಉತ್ತರಕ್ಕೆ ಒಂದು ಮೂಟೆ ರಾಗಿ. ದಕ್ಷಿಣಕ್ಕೆ, ಮೂರಡಿ ದೂರದಲ್ಲಿ, ಮಾವನವರ ಮಂಚ (ಖಾಲಿ).'

"ಅತ್ತೆ, ಮಗು ಮಲಗೋವಾಗ ನೀವು ಏನಾದ್ರೂ ಮಾಡ್ತಿದ್ರಾ?"

ಅಡುಗೆಮನೆಯ ಬಾಗಿಲ ಮರೆಯಿಂದ ಮರಿತಾಯಮ್ಮನ ಉತ್ತರ ಬಂತು. (ಅಳಿಯನ ಎದುರು ನಿಂತು ಅವರು ಮಾತಾಡಿದ್ದೇ ಇಲ್ಲ.) "ಏನೂ ಇಲ್ಲ ಕಣಪ್ಪ. ಜೋಲಿಗ್ ಆಕುದ್ರೆ ಮುಗೀತು. ನಿಮ್ ಮಾವಾರು ಇಲ್ಲೆ ಇರೋರು. ನಾನ್ ಪಾತ್ರ ಬೆಳಗಕ್ ಓಗೋಳು."

ನಾಗೇಂದ್ರ ಅದನ್ನೂ ಬರೆದುಕೊಂಡ. 'ವಿಶೇಷವೇನೂ ಇಲ್ಲ.' ಆಮೇಲೆ ಹಸಿರು ಸೀರೆಯನ್ನೂ ರಾಗಿ ಮೂಟೆಯನ್ನೂ ಬೈಕಿಗೆ ಬಿಗಿದುಕೊಂಡು ಹೊರಟ. ರಾಗಿ ಯಾತಕ್ಕೆ ಎಂದು ಮಾರಯ್ಯ ಕೇಳಲಿಲ್ಲ. ಅಳಿಯ ಕೇಳಿದ್ದನ್ನು ಕೊಡುವುದು, ಕಾರಣ ಕೇಳದಿರುವುದು, ಇದೂ ಅವರ ನಡತೆಯ ಪುಸ್ತಕದಲ್ಲಿತ್ತು.

ಶನಿವಾರ ನಂಜನಗೂಡಿನ ಆ ಮನೆಯ ನಡುಕೋಣೆಯಲ್ಲಿ ಮೂಗೂರು ಎದ್ದು ನಿಂತಿತು. ಛಾವಣಿಯ ಕೊಂಡಿಯಿಂದ ಜೋಲಿ, ಎರಡಡಿ ನಾಲ್ಕಂಗುಲಕ್ಕೆ. ಉತ್ತರಕ್ಕೆ ರಾಗಿ. ದಕ್ಷಿಣಕ್ಕೆ ಮಂಚ ಬೇಕಲ್ಲ, ಸ್ಟೋರ್ ರೂಮಿನಿಂದ ತನ್ನ ಮಂಚವನ್ನೇ ಎಳೆದು ತಂದು ಮೂರಡಿಗೆ ನಿಲ್ಲಿಸಿದ. ನಕ್ಷೆಯಲ್ಲಿ ಖಾಲಿ ಎಂದು ಇದ್ದುದರಿಂದ ಖಾಲಿಯಾಗಿಯೇ ಬಿಟ್ಟು, ತಾನು ಸ್ಟೋರ್ ರೂಮಿನ ನೆಲದ ಮೇಲೆ ಚಾಪೆ ಹಾಸಿಕೊಂಡ.

ಮಗು ಜೋಲಿಯಿಂದ ತಲೆ ಹೊರಳಿಸಿ ರಾಗಿ ಮೂಟೆಯನ್ನು ನೋಡಿತು. ಆಮೇಲೆ ಖಾಲಿ ಮಂಚವನ್ನು ಬಹಳ ಹೊತ್ತು ನೋಡಿತು. ಆಮೇಲೆ ಬಾಯಿ ತೆರೆದು, ಕಪಿಲೆಯ ಆಚೆ ದಡಕ್ಕೂ ಕೇಳುವಂತೆ ಅತ್ತಿತು.

"ಅಳತೆ ಸರಿಯಾಗೇ ಇದೆಯಲ್ಲೇ!" ಎಂದು ನಾಗೇಂದ್ರ ನಕ್ಷೆ ಹಿಡಿದು ಒದ್ದಾಡಿದ.

"ಅಳತೆಗೆ ಬಗ್ಗೋಕೆ ಮಗು ಏನು ಪಕ್ಕಾ ಪೋಡಿ ಆಗಿರೋ ಜಮೀನಾ? ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡೋದೇ, ಬಟ್ಟೆ ತುಂಬ್ತೀನಿ" ಎಂದಳು ಬಿಂದುಶ್ರೀ. ಅಂದಳೇ ಹೊರತು ಅವಳ ಮುಖದಲ್ಲೂ ಗೆಲುವಿರಲಿಲ್ಲ. ಐದು ತಿಂಗಳು ಗಂಡನ ಜೊತೆ ಜಗಳವಾಡದೆ ಅವಳಿಗೂ ನಾಲಿಗೆ ಜಡ್ಡುಗಟ್ಟಿತ್ತು.

ಭಾನುವಾರ ಬಸ್ಸಿನಲ್ಲಿ ಒಂದು ವಿಚಿತ್ರ ನಡೆಯಿತು. ನಂಜನಗೂಡು ಬಿಟ್ಟ ಸ್ವಲ್ಪ ಹೊತ್ತಿಗೆ ಮಗು ಅಮ್ಮನ ತೊಡೆಯ ಮೇಲೆ ಸೊಗಸಾಗಿ ಮಲಗಿತು. ಹಿಂದಿನ ಸೀಟಿನಲ್ಲಿ ಒಬ್ಬ ದಪ್ಪ ಮುದುಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಮಗುವಿಗೆ ಎಚ್ಚರವಾದೀತೆಂದು ನಾಗೇಂದ್ರ ಅವನನ್ನು ಕೋಪದಿಂದ ನಾಲ್ಕು ಸಲ ತಿರುಗಿ ನೋಡಿದ. ನರಸೀಪುರದಲ್ಲಿ ಮುದುಕ ಇಳಿದು ಹೋದ. ಎರಡೇ ನಿಮಿಷಕ್ಕೆ ಮಗು ಎದ್ದು ಅಳತೊಡಗಿತು. "ಈ ಕಡೆ ರಸ್ತೆ ಚೆನ್ನಾಗಿದೆ, ಅದಕ್ಕೇ. ಮಗುವಿಗೆ ಗುಂಡಿ ಬೇಕು" ಎಂದು ನಾಗೇಂದ್ರ ವೈಜ್ಞಾನಿಕವಾಗಿ ವಿವರಿಸಿದ.

ಮೂಗೂರು ಬಂತು. ಊಟವಾಯಿತು. ಹಸಿರು ಸೀರೆ ಮತ್ತೆ ಜೋಲಿಯಾಯಿತು, ಮಗುವನ್ನು ಅದರೊಳಗೆ ಹಾಕಿದ್ದಾಯಿತು. ಅಳಿಯ ಚಾಪೆಯ ಮೇಲೆ, ಮಾವ ಕುರ್ಚಿಯ ಮೇಲೆ ಟವೆಲ್ ಸಮೇತ. ಎಲ್ಲರೂ ಕಾದರು. ಮಗು ಅಲ್ಲೂ ಮಲಗಲಿಲ್ಲ! ಮರಿತಾಯಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದ್ದೇ ಬಂತು.

"ಒಂದ್ ಕವಳೆ ವೀಳ್ಯದೆಲೆ ಆದ್ರೂ ತರ್ತೀನಿ ಮಾವ" ಎಂದು ನಾಗೇಂದ್ರ ಬೇಸರದಿಂದ ಅಂಗಡಿಗೆ ಹೋದ. ವಾಪಸು ಬಂದಾಗ ನೋಡುತ್ತಾನೆ, ಮಗು ನಿದ್ದೆಯಲ್ಲಿದೆ. ಅವನ ಚಪ್ಪಲಿಯ ಸದ್ದಿಗೆ ಮಾವ ತಟ್ಟನೆ ಮುಖ ಒರೆಸಿಕೊಂಡು ಎದ್ದು ಕುರ್ಚಿಗೆ ಬಂದರು. ಗಳಿಗೆಯಲ್ಲಿ ಮಗುವೂ ಎದ್ದಿತು. ಆಮೇಲೆ ಅಡಿಕೆ ಮರೆತನೆಂದು ಮತ್ತೆ ಹೋದ. ಬಂದರೆ ಮತ್ತೆ ನಿದ್ದೆ. ಅವನು ಕಾಲಿಟ್ಟ, ಮಾವ ಎದ್ದರು, ಮಗು ಎದ್ದಿತು.

ಬಿಂದುಶ್ರೀ ಗಂಡನನ್ನು ನಿಧಾನವಾಗಿ ನೋಡಿದಳು. "ರೀ... ನೀವಿದ್ರೆ ಮಗು ಮಲಗಲ್ಲ."

"ಏನು!"

"ಅಲ್ಲೂ ನೀವಿದ್ರಿ, ಮಲಗಲಿಲ್ಲ. ಇಲ್ಲೂ ನೀವು ಬಂದ ತಕ್ಷಣ ಎದ್ಕೊಳ್ತಾಳೆ."

ಬಾಗಿಲ ಮರೆಯಿಂದ ಅತ್ತೆಯ ದನಿಯೂ ಬಂತು. "ಬ್ಯಾಸ್ರ ಮಾಡ್ಕಬ್ಯಾಡಿ ಕಣಪ್ಪ. ಕೆಲವ್ರ ಗಾಳಿ ಕೂಸ್ಗೊಳ್ಗೆ ಆಗಕಿಲ್ಲ. ಒಂದೊರ್ಸ ಆದ್ ಮೇಲೆ ಸರೋಯ್ತದೆ."

ನಾಗೇಂದ್ರ ಜಮೀನು ಅಳೆಯಲು ಹೋಗಿ ಬೈಗುಳ ತಿಂದಿದ್ದ, ಕಲ್ಲೇಟು ತಪ್ಪಿಸಿಕೊಂಡಿದ್ದ, ಆದರೆ ಯಾವ ಮಾತೂ ಅವನಿಗೆ ಇಷ್ಟು ನೋವು ಕೊಟ್ಟಿರಲಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ನನ್ನ ಮಗಳಿಗೆ ನಾನೇ ಆಗುವುದಿಲ್ಲವೇ ಎಂದು ಅಂದುಕೊಂಡಾಗ ಕಣ್ಣು ತುಂಬಿತು. ಟವೆಲ್ ಇರಲಿಲ್ಲ, ನಕ್ಷೆಯಿಂದಲೇ ಒರೆಸಿಕೊಂಡ.

ಆಗ ಕಿಟಕಿಯಿಂದ ಒಂದು ಸದ್ದು ಬಂತು. ಮೊದಲು ಸಣ್ಣಗೆ, ಎಲ್ಲೋ ಮರ ಕೊಯ್ದಂತೆ. ಆಮೇಲೆ ಗರ್ರ್ ಎಂದು ಏರಿ, ಒಂದು ಕ್ಷಣ ನಿಂತು, ಪುಸ್ಸೆಂದು ಇಳಿಯಿತು. ನಾಗೇಂದ್ರ ಎದ್ದು ಕಿಟಕಿಯಲ್ಲಿ ಇಣುಕಿದ. ಅಳಿಯ ಹೊರಗೆ ಹೋದನೆಂಬ ಧೈರ್ಯದಲ್ಲಿ ಮಾರಯ್ಯನವರು ಮಂಚದ ಮೇಲೆ ಕಾಲು ಚಾಚಿದ್ದರು. ಮೂವತ್ತೈದು ವರ್ಷದ ಶಿಸ್ತೆಲ್ಲ ಮೂಗಿನಿಂದ ಹೊರಗೆ ಬರುತ್ತಿತ್ತು. ಪಕ್ಕದ ಜೋಲಿಯಲ್ಲಿ ಪ್ರಜ್ಞಾ ಮುಷ್ಟಿ ಸಡಿಲಿಸಿ ಸುಖವಾಗಿ ಮಲಗಿದ್ದಳು.

ನಾಗೇಂದ್ರ ಕೈಯಲ್ಲಿದ್ದ ನಕ್ಷೆಯನ್ನು ನೋಡಿದ. 'ದಕ್ಷಿಣಕ್ಕೆ ಮಾವನವರ ಮಂಚ (ಖಾಲಿ).' ಖಾಲಿ! ಬಸ್ಸಿನ ದಪ್ಪ ಮುದುಕ ನೆನಪಾದ. ಗಡಿ ಅಳೆಯುವವನಿಗೆ ಗಡಿ ಕಾಣುತ್ತದೆ, ಅದರ ಮೇಲೆ ಮಲಗುವವರು ಕಾಣುವುದಿಲ್ಲ.

"ಸಿಕ್ತು ಕಣೇ! ಗೊರಕೆ! ಮಾವನ ಗೊರಕೆ!" ಎಂದು ಕೂಗಿಕೊಂಡೇ ಒಳಗೆ ನುಗ್ಗಿದ. ಮಾವ ಗಾಬರಿಯಿಂದ ಎದ್ದರು, ಮಗು ಎದ್ದಿತು.

"ಗೊರ್ಕ ಯಾರ್ ಒಡಿತರೆ? ನಾ ಒಡಿಯಲ್ಲ" ಎಂದರು ಮಾರಯ್ಯ ಟವೆಲ್ ಹುಡುಕುತ್ತಾ.

"ಅಯ್ಯೋ, ಅದಾ?" ಮರಿತಾಯಮ್ಮ ಈಗ ಬಾಗಿಲ ಮರೆಯನ್ನೂ ಮರೆತು ಹೊರಗೆ ಬಂದರು. "ದಿನಾ ಕೇಳಿ ಕೇಳಿ ನಂಗೂ ನಿಂಗೂ ಅದೊಂದ್ ಸದ್ದು ಅಂತ್ಲೇ ಗೊತ್ತಿಲ್ಲ ಕಣವ್ವ. ಕೂಸು ಉಟ್ಟಾಗಿಂದ ಅದ್ನೆ ಕೇಳ್ಕಂಡ್ ಮನಿಕತ್ತಿತ್ತು!"

ಒಂದು ಕ್ಷಣ ಎಲ್ಲರಿಗೂ ಸಂತೋಷವಾಯಿತು. ಮರುಕ್ಷಣ ಬಿಂದುಶ್ರೀ ಹೇಳಿದಳು: "ಹಾಗಾದ್ರೆ ಸರಿ ಹೋಯ್ತು. ಅಪ್ಪಾಜಿ ಗೊರಕೆ ಇರೋದು ಮೂಗೂರಲ್ಲಿ. ಮಗುವೂ ಇಲ್ಲೇ ಇರಲಿ."

ನಾಗೇಂದ್ರನ ಮಹಜರು ಅವನಿಗೇ ಮುಳುವಾಗಿತ್ತು. ಒಂದು ಕಡೆ ಮೂರು ವರ್ಷ ಕಾಪಾಡಿಕೊಂಡು ಬಂದ ಮಾನ, ಇನ್ನೊಂದು ಕಡೆ ಮಗಳ ಮುಷ್ಟಿ. ಅವನು ಎದೆ ಸೆಟೆಸಿ ನಿಂತ.

"ಗೊರಕೆ ನಂಜನಗೂಡಲ್ಲೂ ಇದೆ!"

"ಯಾರದು?" ಎಂದಳು ಬಿಂದುಶ್ರೀ, ಏನೂ ಅರಿಯದವಳ ಹಾಗೆ.

"ನಂದು. ನಾನು ಗೊರಕೆ ಹೊಡೀತೀನಿ. ಮಾವನವರಿಗಿಂತ ಜೋರಾಗಿ ಹೊಡೀತೀನಿ!"

"ಟಿಲ್ಲರ್ ಅಂದಿದ್ರಿ?"

"ಟಿಲ್ಲರ್ ನಾನೇ ಕಣೇ!"

ಬಿಂದುಶ್ರೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆದರೆ ಟೀಚರಿಗೆ ಬಾಯಿ ಮಾತು ಸಾಲದು, ಪರೀಕ್ಷೆ ಆಗಬೇಕು. "ಹಾಗಾದ್ರೆ ಈಗಲೇ ಹೊಡೆದು ತೋರಿಸಿ. ಮಗು ಮಲಗಿದ್ರೆ ಸಂಜೆ ಬಸ್ಸಿಗೆ ಎಲ್ಲರೂ ನಂಜನಗೂಡಿಗೆ."

ಮಾವನ ಮಂಚದ ಮೇಲೆ ಅಳಿಯ ಮಲಗಿದ. ಪರೀಕ್ಷೆಯಲ್ಲಿ ಕಲಬೆರಕೆ ಆಗಬಾರದೆಂದು ಮಾರಯ್ಯ ತಾವಾಗಿಯೇ ಎದ್ದು ಜಗಲಿಗೆ ಹೋದರು. ನಾಗೇಂದ್ರ ಕಣ್ಣು ಮುಚ್ಚಿದ. ಬೇಡವೆಂದಾಗ ಸಭೆ, ಬಸ್ಸು, ಬೀಗರ ಮನೆಯ ಮದುವೆ ಎಲ್ಲೆಂದರಲ್ಲಿ ಬರುತ್ತಿದ್ದ ನಿದ್ದೆ ಈಗ ಬರಲೊಲ್ಲದು. ಒಂದು ಕಣ್ಣು ತೆರೆದ. ಜೋಲಿಯ ಅಂಚಿನಿಂದ ಮಗಳು ಎರಡೂ ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದಳು. ಅಪ್ಪ ಮಲಗಲಿ ಎಂದು ಮಗಳು ಕಾಯುತ್ತಿದ್ದಳು, ಮಗಳು ಮಲಗಲಿ ಎಂದು ಅಪ್ಪ.

"ಅವ್ವ, ಇವರಿಗೆ ನಿದ್ದೆ ಬರ್ತಿಲ್ಲ."

"ತಲ್ಗೆ ವಸಿ ಅಳ್ಳೆಣ್ಣೆ ಒತ್ತವ್ವ."

ಹೆಂಡತಿ ನೆತ್ತಿಗೆ ಹರಳೆಣ್ಣೆ ಒತ್ತಿದಳು. ಅತ್ತೆ ಸಾಂಬ್ರಾಣಿ ಹೊಗೆ ತಂದಿಟ್ಟರು. ಬಿಂದುಶ್ರೀ ಪಕ್ಕದಲ್ಲಿ ಕೂತು ತೊಡೆಯ ಮೇಲೆ ಮೆಲ್ಲಗೆ ತಟ್ಟಿದಳು. ಅಷ್ಟಕ್ಕೂ ಆಗದಿದ್ದಾಗ ಮರಿತಾಯಮ್ಮ ಮತ್ತೆ ಬಾಗಿಲ ಮರೆಗೆ ಹೋದರು. ಅಳಿಯನ ಮುಖ ನೋಡಿಕೊಂಡು ಹಾಡುವುದುಂಟೆ! ಅಲ್ಲಿಂದಲೇ ನಾಚಿಕೊಂಡು ರಾಗ ಎಳೆದರು.

"ಜೋ ಜೋ ನನ್ನಳಿಯ, ಬಿಸ್ಲಲ್ಲಿ ಬಂದಳಿಯ, ಅಳ್ದಿದ್ದು ಸಾಕಪ್ಪ ಕಣ್ಮುಚ್ಚೊ ನನ್ನಳಿಯ..."

ಮೂರನೆಯ ಸಾಲಿಗೆ ನಾಗೇಂದ್ರನ ಬಾಯಿ ತೆರೆಯಿತು. ನಾಲ್ಕನೆಯ ಸಾಲಿಗೆ ಟಿಲ್ಲರ್ ಗದ್ದೆಗೆ ಇಳಿಯಿತು. ಜಗಲಿಯಿಂದ ಮಾರಯ್ಯನವರ ದನಿ ಕೇಳಿತು. "ಸೈ! ಮನ್ತನಕ್ ತಕ್ಕ ಅಳಿಯ." ಜೋಲಿಯಲ್ಲಿ ಪ್ರಜ್ಞಾ ಒಮ್ಮೆ ಆಕಳಿಸಿ, ಕಣ್ಣು ಮುಚ್ಚಿ, ಸಂಜೆ ಬಸ್ಸಿನ ಹೊತ್ತಿನವರೆಗೂ ಏಳಲಿಲ್ಲ.

ನಂಜನಗೂಡಿಗೆ ಬಂದ ಮೇಲೆ ಸ್ಟೋರ್ ರೂಮಿನ ಚಾಪೆಗೆ ಕೆಲಸ ತಪ್ಪಿತು. ಮಂಚ ಜೋಲಿಯ ಪಕ್ಕದಲ್ಲೇ, ಮೂರಡಿ ದೂರದಲ್ಲಿ, ಕಾಯಂ ಆಯಿತು. ಬಿಂದುಶ್ರೀ ನಕ್ಷೆಯಲ್ಲಿ 'ಖಾಲಿ' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಗಂಡನ ಹೆಸರು ಬರೆದು ಗೋಡೆಗೆ ಅಂಟಿಸಿದಳು. ಮೂರು ವರ್ಷ ಗೊರಕೆ ನಿಲ್ಲಿಸಿ ಎಂದು ಚಿವುಟಿದವಳು ಈಗ ಅದು ನಿಂತರೆ ಚಿವುಟುತ್ತಾಳೆ. "ರೀ, ನಿಂತೋಯ್ತು, ಹೊಡೀರಿ!" ಅವನು ಕೆಲಸಕ್ಕೆ ಹೋದ ಹಗಲುಗಳಿಗೆ ಅವಳ ಮೊಬೈಲಿನಲ್ಲಿ ಹಳೆಯ ಸಾಕ್ಷಿ ಇದ್ದೇ ಇತ್ತು. ನಾಗೇಂದ್ರ ಸುಖಿಯಾಗಿದ್ದ. ಮಾನ ಹೋಗಿದ್ದರೂ ಮನೆಯೊಳಗೇ ಹೋಗಿದೆ, ನಾಲ್ಕು ಗೋಡೆ ದಾಟಿಲ್ಲ ಎಂಬುದು ಅವನ ಸಮಾಧಾನ.

ಎರಡು ತಿಂಗಳ ಮೇಲೆ ಬಿಳಿಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ಪುಟ್ಟಬಸವಯ್ಯ ಎಂಬ ರೈತರ ಜಮೀನು ಅಳೆದು, ನೀರು ಕುಡಿಯಲೆಂದು ಅವರ ಮನೆಯ ಪಡಸಾಲೆಯಲ್ಲಿ ಕೂತ. ಒಳಗಿನ ಕೋಣೆಯಿಂದ ಒಂದು ಸದ್ದು ಬಂತು. ಗರ್ರ್ ಎಂದು ಏರಿ, ನಿಂತು, ಪುಸ್ಸೆಂದು ಇಳಿಯಿತು. ಬಹಳ ಪರಿಚಯದ ಸದ್ದು. ನಾಗೇಂದ್ರನ ಕೈಯ ಚೊಂಬು ಅಲ್ಲೇ ನಿಂತಿತು.

"ಎಲ್ಲೋ ಟಿಲ್ಲರ್ ಓಡ್ತಿರೋ ಹಾಗಿದೆ" ಎಂದ, ಹಳೆಯ ಅಭ್ಯಾಸದಿಂದ.

"ಗದ್ದಲೆಲ್ಲಾ ಪೈರು ನಿಂತದೆ, ಯಾವ್ ಟಿಲ್ಲರ್ ಸಾ?" ಪುಟ್ಟಬಸವಯ್ಯ ನಕ್ಕರು. "ಅದು ಬಿಳಿಗೆರೆ ಇಸ್ಕೂಲ್ ಮೇಡಮ್ಮಾರು ಮೊಬೈಲ್ಗೆ ಕಳ್ಸಿರದು. ಅವರ ಯಜಮಾನ್ರ ಗೊರ್ಕ ಅಂತೆ. ಅದ್ ಕೇಳ್ಸುದ್ರೆ ಸಾಕು, ನಮ್ ಮೊಮ್ಮಗ ಗಪ್ಪಂತ ಮನಿಕತನೆ. ಈಗ ಸುತ್ತ ನಾಕ್ ಅಳ್ಳಿ ಕೂಸ್ಗೊಳ್ಗೆಲ್ಲಾ ಅದೇ ಸಾ. ಯಾರೋ ಪುಣ್ಯಾತ್ಮ, ಒಟ್ಟೆ ತಣ್ಣಗಿರ್ಲಿ. ಆದ್ರೂ ಆ ಮೇಡಮ್ಮಾರು ಅವನ್ ಜೊತ್ಗೆ ಅದೆಂಗ್ ಬಾಳ್ವೆ ಮಾಡ್ತವ್ರೋ!"

ನಾಗೇಂದ್ರ ಚೊಂಬಿನ ನೀರನ್ನು ಒಂದೇ ಗುಟುಕಿಗೆ ಕುಡಿದ. ಆಮೇಲೆ ಟೇಪು ಸುತ್ತಿಕೊಂಡು, ಒಳಗಿನ ಮಗುವಿಗೆ ಎಚ್ಚರವಾಗಬಾರದೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹೊರಗೆ ಬಂದ.